ಸಕ್ಕರೆ ಹಾಕಿ ಕೊಟ್ಟ ತಟ್ಟೆ

ರವಿಕೆಯ ಕೊನೆಯ ಹುಕ್ಕು ಕೂರಲಿಲ್ಲ. ಪದ್ಮಶ್ರೀ ಉಸಿರನ್ನು ಒಳಗೆಳೆದುಕೊಂಡು ಇನ್ನೊಂದು ಸಲ ನೋಡಿದಳು. ಹುಕ್ಕು ಕುಣಿಕೆಯನ್ನು ಮುಟ್ಟಿ, ಸ್ವಲ್ಪ ಆಟವಾಡಿಸಿ, ಮತ್ತೆ ಜಾರಿತು. ಇದನ್ನು ಹೊಲಿದವಳು ದಿಲ್ಶಾದ್. ಆರ್.ಟಿ. ನಗರದಲ್ಲಿ ತನ್ನ ಅಪ್ಪನ ಟೈಲರ್ ಅಂಗಡಿಯಲ್ಲಿ ಕೂತು ಹನ್ನೊಂದು ವರ್ಷದಿಂದ ಪದ್ಮಶ್ರೀಯ ಅಳತೆಯನ್ನು ಉದ್ದದ ನೋಟ್ ಪುಸ್ತಕದಲ್ಲಿ ಬರೆದಿಟ್ಟುಕೊಂಡು ಬಂದವಳು. ಯಾವ ವರ್ಷ ತೋಳು ದಪ್ಪವಾಯಿತು, ಯಾವ ವರ್ಷ ಭುಜ ಮುಂದಕ್ಕೆ ಬಾಗಿತು ಅನ್ನುವುದು ಪದ್ಮಶ್ರೀಗಿಂತ ಆ ಪುಸ್ತಕಕ್ಕೇ ಚೆನ್ನಾಗಿ ಗೊತ್ತು. “ಒಳಗೆ ಅರ್ಧ ಇಂಚು ಬಟ್ಟೆ ಬಿಟ್ಟಿದೀನಿ ಮೇಡಂ, ಮುಂದೆ ಬೇಕಾಗುತ್ತೆ” ಅಂದಿದ್ದಳು ದೀಪಾವಳಿಗೆ ಇದನ್ನು ಕೊಡುವಾಗ. ಆಗ ಅದು ಅಕ್ಕರೆಯ ಮಾತಾಗಿ ಕೇಳಿಸಿತ್ತು. ಇವತ್ತು, ಡಿಸೆಂಬರ್ ಇಪ್ಪತ್ಮೂರರ ಬೆಳಿಗ್ಗೆ, ಅದೇ ಮಾತು ಕಂಕುಳಲ್ಲಿ ಹಿಡಿದುಕೊಂಡಿತು. ಮುಂದೇನಾಗುತ್ತದೆ ಅನ್ನುವುದು ಇವಳಿಗೆ ಮೊದಲೇ ಗೊತ್ತಿರುತ್ತದಲ್ಲ, ಅಂದುಕೊಂಡಳು. ಬೇರೆ ರವಿಕೆ ಹಾಕಿಕೊಳ್ಳಬಹುದಿತ್ತು. ಆದರೆ ಇವತ್ತು ಮಕ್ಕಳಿಗೆ ಕಥೆ ಓದುವ ಕಾರ್ಯಕ್ರಮದಲ್ಲಿ ದಿಲ್ಶಾದಳ ಪಕ್ಕದಲ್ಲೇ ಕೂರಬೇಕು, ಅವಳು ಹೊಲಿದದ್ದನ್ನು ಬಿಟ್ಟು ಇನ್ನೊಂದನ್ನು ತೊಟ್ಟು ಹೋದರೆ ಹೊಟ್ಟೆಕಿಚ್ಚು ಅಂತ ತಿಳಿಯುವುದಿಲ್ಲವೇ? ಕೊನೆಯ ಹುಕ್ಕು ಬಿಟ್ಟು, ಸೆರಗು ಮುಚ್ಚಿ ಹೊರಟಳು.

ಹೊರಡುವ ಮುಂಚೆ ಇನ್ನೊಂದು ಕೆಲಸವನ್ನೂ ಮುಗಿಸಿದ್ದಳು. ಅದನ್ನು ನೆನೆಸಿಕೊಳ್ಳದೆ ಇರಲಿಕ್ಕೇ ಹುಕ್ಕಿನ ಜೊತೆ ಅಷ್ಟು ಹೊತ್ತು ಹೆಣಗಿದ್ದಳೋ ಏನೋ. ಚಿಣ್ಣರ ಪುಸ್ತಕ ಬಳಗದ ಬಾಲರಾಜು ವರ್ಷಕ್ಕೊಂದು ಮಕ್ಕಳ ಪುಸ್ತಕವನ್ನು ಆರಿಸಿ ಬಹುಮಾನ ಕೊಡುತ್ತಾನೆ. ಓದಿ ಅಭಿಪ್ರಾಯ ಹೇಳುವವರು ಮೂವರು, ಅವರ ಹೆಸರು ಯಾರಿಗೂ ಹೇಳುವುದಿಲ್ಲ. ಈ ಸಲ ಒಬ್ಬರು ಹೂಂ ಅಂದಿದ್ದರು, ಒಬ್ಬರು ಊಹೂಂ. ಮೂರನೆಯವಳು ಪದ್ಮಶ್ರೀ. ಪುಸ್ತಕ ದಿಲ್ಶಾದಳದು, ಹೆಸರು ‘ಹದಿನೆಂಟು ಫ್ರಾಕು’. ಬೆಳಿಗ್ಗೆ ಏಳೂವರೆಗೆ ಕಾಫಿ ಲೋಟ ಪಕ್ಕಕ್ಕಿಟ್ಟು ಪದ್ಮಶ್ರೀ ಫೋನಿನಲ್ಲಿ ಬರೆದು ಕಳಿಸಿದ್ದಳು: ‘ಲೇಖಕಿಗೆ ಅನುಭವವಿದೆ. ಆದರೆ ಇದರಲ್ಲಿ ಕ್ರಿಸ್‌ಮಸ್ ವಾತಾವರಣವೇ ಇಲ್ಲ. ತಟ್ಟೆಯ ಪ್ರಸಂಗ ಎಳೆಯ ಮನಸ್ಸಿಗೆ ಕಹಿ. ಈ ಸಲ ಬೇಡ.’ ಬಾಲರಾಜು ತಕ್ಷಣ ಉತ್ತರ ಕೊಟ್ಟಿದ್ದ. “ಸರಿ ಮೇಡಂ, ನಿಮ್ದೇ ಕೊನೆ ಮಾತು. ಸಂಜೆ ಐದಕ್ಕೆ ಹೆಸರು ಅನೌನ್ಸ್ ಮಾಡ್ತೀವಿ. ಅಷ್ಟರೊಳಗೆ ಮನಸ್ಸು ಬದಲಾದ್ರೆ ಒಂದು ಫೋನ್ ಹಾಕಿ.” ಮನಸ್ಸು ಬದಲಾಗುವಂಥದ್ದು ಇವನಿಗೆ ಏನು ಕಂಡಿತು?

ಯಲಹಂಕದಲ್ಲಿ ಬಸ್ಸು ಹತ್ತಿ, ಕಂಡಕ್ಟರಿಗೆ ಆಧಾರ್ ತೋರಿಸಿ, ಕಿಟಕಿ ಪಕ್ಕ ಕೂತಳು. ಬೇಕರಿಯ ಮುಂದೆ ಹತ್ತಿ ಅಂಟಿಸಿದ ಪ್ಲಾಸ್ಟಿಕ್ ಮರ. ಅದನ್ನು ಕಂಡಾಗ ಅವಳಿಗೆ ಎಂದಿನಂತೆ ಒಂದು ಬಗೆಯ ಒಡೆತನದ ಭಾವ ಬಂತು. ಇಪ್ಪತ್ಮೂರು ವರ್ಷದಿಂದ ಭಾನುವಾರದ ಪುರವಣಿಯ ಮಕ್ಕಳ ಪುಟಕ್ಕೆ ಕ್ರಿಸ್‌ಮಸ್ ಕಥೆ ಬರೆಯುವವಳು ಅವಳೇ. ನವೆಂಬರ್ ಮುಗಿಯುತ್ತಿದ್ದಂತೆ ಫೋನು ಬರುತ್ತಿತ್ತು: “ಮೇಡಂ, ಈ ವರ್ಷದ ಸಾಂತಾ ರೆಡಿನಾ?” ಅವಳ ಕಥೆಗಳಲ್ಲಿ ತಪ್ಪದೆ ಹಿಮ ಬೀಳುತ್ತಿತ್ತು. ಹಿಮಸಾರಂಗಗಳು ಗಂಟೆ ಕುಣಿಸುತ್ತಾ ಬರುತ್ತಿದ್ದವು. ಬಡಹುಡುಗಿಯೊಬ್ಬಳು ಕಿಟಕಿಯ ಗಾಜಿಗೆ ಮೂಗೊತ್ತಿ ನಿಂತಿರುತ್ತಿದ್ದಳು, ಬಾಗಿಲು ತೆರೆಯುತ್ತಿತ್ತು. ಯಾವುದೋ ಇಂಗ್ಲಿಷ್ ಪುಸ್ತಕದ ಚಿತ್ರದಿಂದ ಎತ್ತಿಕೊಂಡ ಹಿಮ ಅದು. ಫ್ರಿಜ್ಜಿನ ಫ್ರೀಜರ್ ಬಿಟ್ಟರೆ ಬೇರೆಲ್ಲೂ ಅವಳು ಹಿಮ ಮುಟ್ಟಿದವಳಲ್ಲ. ಆದರೂ ಎಷ್ಟು ಧಾರಾಳವಾಗಿ ಸುರಿಸಿದ್ದಳು! ಮರ, ಮನೆ, ಓಣಿ, ಹಿತ್ತಿಲು, ಎಲ್ಲ ಮುಚ್ಚಿಹೋಗುವಷ್ಟು. ಈ ವರ್ಷ ನವೆಂಬರ್ ಮುಗಿಯಿತು, ಫೋನು ಬರಲಿಲ್ಲ. ಡಿಸೆಂಬರ್ ಐದಕ್ಕೆ ತಾನೇ ಮಾಡಿದಳು. ಆ ಕಡೆ ಹೊಸ ಹುಡುಗಿ. “ಓ ಮೇಡಂ, ಹೇಳೋದೇ ಮರೆತ್ವಿ. ಈ ಸಲ ದಿಲ್ಶಾದ್ ಅಂತ ಒಬ್ರ ಹತ್ರ ಬರೆಸಿದ್ವಿ. ತುಂಬಾ ಲೋಕಲ್ ಆಗಿದೆ ಮೇಡಂ, ಸಖತ್ತಾಗಿದೆ.” ಲೋಕಲ್. ಆ ಪದವನ್ನು ಅವಳು ಹದಿನೆಂಟು ದಿನದಿಂದ ಹಲ್ಲಿಗೆ ಸಿಕ್ಕಿದ ನಾರಿನ ಹಾಗೆ ನಾಲಿಗೆಯಿಂದ ತಳ್ಳುತ್ತಲೇ ಇದ್ದಳು.

ಬರೆಯಲು ಹೇಳಿಕೊಟ್ಟವಳು ತಾನೇ ಅಲ್ಲವೇ? “ಪಿಯುಸಿ ತನಕ ಕನ್ನಡ ಮೀಡಿಯಂ ಓದಿದೀಯ, ಇಷ್ಟು ಚೆನ್ನಾಗಿ ಮಾತಾಡ್ತೀಯ, ಬರಿ ದಿಲ್ಶಾದ್, ನಾನು ತಿದ್ದಿಕೊಡ್ತೀನಿ” ಅಂದವಳು ತಾನು. ತಿದ್ದುವ ಸುಖವನ್ನು ಆಗಲೇ ಅನುಭವಿಸಿಬಿಟ್ಟಿದ್ದಳು. ಕೆಂಪು ಪೆನ್ನು, ಅಂಚಿನಲ್ಲಿ ಗೀಟು, ಮುನ್ನುಡಿಯಲ್ಲಿ ತನ್ನ ಹೆಸರು. ಆದರೆ ಆ ಹುಡುಗಿ ಏನನ್ನೂ ತೋರಿಸಲಿಲ್ಲ. ಹುಡುಗಿ ಏನು, ಮೂವತ್ತಾರು ವರ್ಷ. ಪುಸ್ತಕ ಬಂದದ್ದು ಬಾಲರಾಜುವಿನ ಕಂದು ಕವರಿನಲ್ಲಿ. ಮೊದಲ ಪುಟದಲ್ಲೇ ಬಾಬಿನ್ ದಾರ ಮುಗಿದುಹೋಗುತ್ತದೆ. ಕ್ರಿಸ್‌ಮಸ್ಸಿಗೆ ಎರಡು ದಿನ. ಸಬಾ ಅನ್ನುವ ಟೈಲರ್ ಮಗಳು ಹದಿನೆಂಟು ಫ್ರಾಕುಗಳಿಗೆ ಗುಂಡಿ ಹಚ್ಚಬೇಕು, ಅವಳ ಅಪ್ಪನಿಗೆ ಜ್ವರ, ಫ್ರಾಕಿಗಾಗಿ ಕಾಯುವ ಮಕ್ಕಳು ಅಂಗಡಿ ಮೆಟ್ಟಿಲ ಮೇಲೆ ಸಾಲಾಗಿ ಕೂತಿದ್ದಾರೆ. ಹಿಮ ಇಲ್ಲ, ಸಾಂತಾ ಇಲ್ಲ, ನಕ್ಷತ್ರದ ದೀಪ ಕೂಡ ಕರೆಂಟು ಹೋಗಿ ಆರಿಹೋಗುತ್ತದೆ. ಪದ್ಮಶ್ರೀ ಒಂದೇ ಉಸಿರಿಗೆ ಓದಿದಳು, ಓದುತ್ತಾ ಸಿಟ್ಟಾದಳು. ಒಂದು ಕಡೆ ಅಲ್ಪಪ್ರಾಣ ತಪ್ಪಿತ್ತು, ಅದನ್ನು ಕಂಡು ಹಬ್ಬದೂಟ ಸಿಕ್ಕಷ್ಟು ಸಂತೋಷವಾಯಿತು. ನಲವತ್ತನೇ ಪುಟದಲ್ಲಿ ಸಬಾಳ ಗೆಳತಿ ಬಂದಳು. ಅವಳ ಹೆಸರು ಕಮಲಿ. ಕಮಲಿಯ ಪಕ್ಕದ ಮನೆಯ ಆಂಟಿ ಕ್ರಿಸ್‌ಮಸ್ಸಿಗೆ ತಟ್ಟೆ ತುಂಬ ಕಲ್‌ಕಲ್ ಅನ್ನುವ ಕರಿದ ತಿಂಡಿ ಕಳಿಸುತ್ತಾಳೆ. ಕಮಲಿಯ ಅಮ್ಮ ಅದನ್ನು ನಗುತ್ತಾ ಇಸಿದುಕೊಂಡು, ಹಿತ್ತಿಲಿಗೆ ಹೋಗಿ, ಹಸುವಿನ ಬಾನಿಗೆ ಸುರಿಯುತ್ತಾಳೆ. ಕಮಲಿ ತಟ್ಟೆ ಹಿಂದಿರುಗಿಸುವಲ್ಲಿಗೆ ಪದ್ಮಶ್ರೀ ಪುಸ್ತಕ ಮುಚ್ಚಿದಳು, ಮುಂದಕ್ಕೆ ಓದಲಿಲ್ಲ. ಬಾನಿಯ ವಿಷಯವನ್ನು ಅವಳು ಈ ಲೋಕದಲ್ಲಿ ಯಾರಿಗೂ ಹೇಳಿರಲಿಲ್ಲ.

ಹೆಬ್ಬಾಳದ ಫ್ಲೈಓವರಿನ ಮೇಲೆ ಬಸ್ಸು ನಿಂತೇ ಹೋಯಿತು. ಮುಂದೆ ಸಾಲುಗಟ್ಟಿದ ಟ್ಯಾಕ್ಸಿಗಳು. ಹಿಂದಿನ ಸೀಟಿನಲ್ಲಿ ಯಾರೋ “ಹೊರಟೆ ಮಚ್ಚಾ, ಹತ್ ನಿಮಿಷ” ಅಂತ ಮೂರನೇ ಸಲ ಸುಳ್ಳು ಹೇಳಿದ. ಅವಳು ಹುಟ್ಟಿ ಬೆಳೆದ ಬಾಗಲೂರಿನ ಮನೆಯ ಹಿತ್ತಿಲಲ್ಲಿ ಬಾನಿ ಕಲ್ಲಿನದು, ಅಂಚಿನಲ್ಲಿ ಒಂದು ಕಡೆ ಮುಕ್ಕಾಗಿತ್ತು. ಪಕ್ಕದ ಮನೆಯ ಆರೋಗ್ಯಮ್ಮ, ಗಾರೆ ಕೆಲಸದ ಇನ್ನಾಸಪ್ಪನ ಹೆಂಡತಿ, ಸ್ಟೀಲ್ ತಟ್ಟೆಗೆ ಬಿಳಿ ಬಟ್ಟೆ ಮುಚ್ಚಿಕೊಂಡು ಬರುತ್ತಿದ್ದಳು. ಹೊಸ ಬಾಚಣಿಗೆಯ ಹಲ್ಲಿನ ಮೇಲೆ ಉರುಳಿಸಿ, ಸುರುಳಿ ಸುತ್ತಿ ಕರಿದ ಚಿಕ್ಕ ಚಿಕ್ಕ ಕಲ್‌ಕಲ್, ಪಕ್ಕದಲ್ಲಿ ನಾಲ್ಕು ಬಾಳೆಹಣ್ಣು. ಅವ್ವ ಗಂಗರತ್ನಮ್ಮ ಎರಡೂ ಕೈಯಿಂದ ಇಸಿದುಕೊಳ್ಳುತ್ತಿದ್ದಳು. “ಯಾಕ್ ಆರೋಗ್ಯಮ್ಮ ಇದೆಲ್ಲ, ನಿಂಗೆ ತೊಂದ್ರೆ!” ಅವಳು ತಿರುಗಿ ಹೋದ ಮೇಲೆ ಬಾಳೆಹಣ್ಣು ಮಾತ್ರ ಒಳಕ್ಕೆ. ಹಣ್ಣಿಗೆ ಸಿಪ್ಪೆ ಇರುತ್ತದೆ, ಅದು ಯಾರ ಮನೆಯಿಂದ ಬಂದರೂ ನಡೆಯುತ್ತದೆ. ಕರಿದದ್ದು ನಡೆಯುವುದಿಲ್ಲ. ಕೆಂಪಿ ಹಸು ಬಾನಿಯೊಳಕ್ಕೆ ಮುಖವಿಟ್ಟು ಕಟ ಕಟ ಅಂತ ಅಗಿಯುವ ಸದ್ದು ಅಡುಗೆಮನೆವರೆಗೂ ಕೇಳುತ್ತಿತ್ತು. ಆ ಸದ್ದಿಗೆ ಪುಟ್ಟ ಪದ್ಮಶ್ರೀಯ ಬಾಯಲ್ಲಿ ನೀರೂರುತ್ತಿತ್ತು. ಆಮೇಲೆ ಅವ್ವ ತಟ್ಟೆ ತೊಳೆದು ಒರೆಸಿ ಒಂದು ಹಿಡಿ ಸಕ್ಕರೆ ಹಾಕುತ್ತಿದ್ದಳು. “ಓಗು, ಕೊಟ್ಬುಟ್ಟು ಬಾ. ಬರೀ ತಟ್ಟೆ ಕೊಡ್ಬಾರ್ದು. ಎಲ್ರೂ ತಿಂದ್ವಿ, ಬಲೇ ಚೆನ್ನಾಗಿತ್ತು ಅಂತ ಏಳು. ಮೊಕ ನೋಡ್ಕಂಡು ಏಳು.” ಎಂಟು ವರ್ಷದ ಪದ್ಮಿ ಸಕ್ಕರೆ ಚೆಲ್ಲದ ಹಾಗೆ ನಡೆದುಕೊಂಡು ಹೋಗಿ, ಮುಖ ನೋಡಿಕೊಂಡು ಹೇಳಿದಳು. ಸುಳ್ಳು ನಿಜದಂತೆ ಕೇಳಲಿ ಅಂತ ಸ್ವಂತ ಬುದ್ಧಿಯಿಂದ ಒಂದು ಮಾತು ಸೇರಿಸಿದಳು: “ಖಾರ ಚೆನ್ನಾಗಿತ್ತು ಆಂಟಿ.” ಆರೋಗ್ಯಮ್ಮ ಒಂದು ಗಳಿಗೆ ಸುಮ್ಮನಾದಳು. ಆಮೇಲೆ ಮೆಲ್ಲಗೆ, “ಹೌದಾ ಪದ್ಮಿ? ಖಾರ ಜಾಸ್ತಿ ಆಗ್ಲಿಲ್ವಾ?” ಅಂದಳು. “ಇಲ್ಲ ಆಂಟಿ, ಸರಿಯಾಗಿತ್ತು.” ಆ ಒಂದು ಗಳಿಗೆಯ ಸುಮ್ಮನಿರುವಿಕೆ ಯಾಕೆ ಅಂತ ಪದ್ಮಶ್ರೀಗೆ ಇವತ್ತಿಗೂ ಗೊತ್ತಾಗಿರಲಿಲ್ಲ. ಆ ಗಳಿಗೆಯ ಮೇಲೆ ಅವಳು ಇಪ್ಪತ್ಮೂರು ವರ್ಷ ಹಿಮ ಸುರಿಸಿದ್ದಳು. ಕಲ್‌ಕಲ್ ಕಂಡರೆ, ಬೇಕರಿಯ ಗಾಜಿನೊಳಗಿದ್ದರೂ, ರಸ್ತೆಯ ಆ ಬದಿಗೆ ದಾಟುತ್ತಿದ್ದಳು.

ದಿಲ್ಶಾದಳಿಗೆ ಹೇಳಿದ್ದು ಬೇರೆಯೇ ಕಥೆ. ಹೋದ ವರ್ಷ ಅಂಗಡಿಯಲ್ಲಿ, ಪರದೆಯ ಹಿಂದೆ, ಕೈ ಎತ್ತಿ ನಿಂತಾಗ. ಯಾಕೆ ಹೇಳಿದಳೋ. ಮೈಯ ಅಳತೆ ಕೊಡುತ್ತಾ ನಿಂತವರು ಬಾಯಿಯ ಲಗಾಮನ್ನೂ ಸಡಿಲ ಬಿಡುತ್ತಾರೆ. “ನಮ್ಮ ಚಿಕ್ಕಂದಿನ ಕ್ರಿಸ್‌ಮಸ್ ಅಂದ್ರೆ ಏನ್ ಕೇಳ್ತೀಯ ದಿಲ್ಶಾದ್! ಆರೋಗ್ಯಮ್ಮ ಅಂತ ಪಕ್ಕದ ಮನೇಲಿ. ತಟ್ಟೆ ತುಂಬ ಕಲ್‌ಕಲ್ ತರೋರು. ನಾವೆಲ್ಲ ಕಿತ್ತಾಡ್ಕೊಂಡು ತಿಂತಿದ್ವಿ, ಖಾರ ಖಾರವಾಗಿ, ಆಹಾ! ಆಮೇಲೆ ಸಕ್ಕರೆ ಹಾಕಿ ತಟ್ಟೆ ವಾಪಸ್ ಕೊಡೋಕೆ ನಾನೇ ಹೋಗ್ತಿದ್ದೆ.” ಎಷ್ಟು ಸುಂದರವಾಗಿ ಹೇಳಿದ್ದಳೆಂದರೆ ಹೇಳುತ್ತಾ ತಾನೂ ನಂಬಿದ್ದಳು. ದಿಲ್ಶಾದ್ ಏನೂ ಅನ್ನಲಿಲ್ಲ, ಟೇಪನ್ನು ಬೆನ್ನಿಗೆ ಹಿಡಿದುಕೊಂಡೇ ಇದ್ದಳು. ಹಾಗಾದರೆ ಬಾನಿ ಎಲ್ಲಿಂದ ಬಂತು? ಕದ್ದದ್ದಾದರೆ ಬಾಯಿಬಿಟ್ಟು ಹೇಳಿದ್ದನ್ನು ಮಾತ್ರ ಕದಿಯಬೇಕು. ಬೀಗ ಹಾಕಿಟ್ಟದ್ದಕ್ಕೆ ಇವಳ ಕೈ ಹೇಗೆ ಹೋಯಿತು?

ಕಾರ್ಯಕ್ರಮ ಆರ್.ಟಿ. ನಗರದ ಒಂದು ಶಾಲೆಯ ಹಾಲಿನಲ್ಲಿ. ಜಮಖಾನದ ಮೇಲೆ ನಲವತ್ತು ಮಕ್ಕಳು, ಗೋಡೆಗೆ ಬಣ್ಣದ ಕಾಗದದ ಸರ. ಬಾಲರಾಜು ಅಂಗಿಯ ತೋಳು ಮಡಚಿಕೊಂಡು ಓಡಾಡುತ್ತಿದ್ದ. “ಬನ್ನಿ ಮೇಡಂ, ಬನ್ನಿ, ನಿಮ್ದೇ ಮೊದ್ಲು. ಸೀನಿಯಾರಿಟಿ!” ಅಂದು ನಕ್ಕ. ಬೆಳಗಿನ ಸಂದೇಶ ಅವನ ಮುಖದಲ್ಲಿ ಎಲ್ಲೂ ಕಾಣಲಿಲ್ಲ. ದಿಲ್ಶಾದ್ ಎದ್ದು ಬಂದು, “ಅಸ್ಸಲಾಮು, ಅಯ್ಯೋ, ನಮಸ್ಕಾರ ಮೇಡಂ! ನಿಮ್ಮನ್ನ ನೋಡಿದ್ರೆ ಪರೀಕ್ಷೆಗೆ ಬಂದಂಗೆ ಆಗುತ್ತೆ” ಅಂದಳು. ಅವಳ ಕಣ್ಣು ಅರೆಗಳಿಗೆ ಪದ್ಮಶ್ರೀಯ ಸೆರಗಿನ ಅಂಚಿಗೆ, ಹಾಕದ ಹುಕ್ಕಿನ ಕಡೆಗೆ ಹೋಯಿತು. ಅಥವಾ ಹೋಯಿತು ಅಂತ ಪದ್ಮಶ್ರೀಗೆ ಅನ್ನಿಸಿತು.

ಪದ್ಮಶ್ರೀ ತನ್ನ ಕಥೆ ಓದಿದಳು. ಹಿಮ ಬಿತ್ತು. ಸಾರಂಗಗಳು ಬಂದವು. ಸಾಂತಾ ಚಿಮಣಿಯೊಳಗೆ ಇಳಿಯುವ ಹೊತ್ತಿಗೆ ಮುಂದಿನ ಸಾಲಿನಲ್ಲಿ ಎರಡು ಜಡೆಯ ಹುಡುಗಿಯೊಬ್ಬಳು ಕೈ ಎತ್ತಿದಳು. ಎದೆಯ ಚೀಟಿಯಲ್ಲಿ ‘ಇಂದು’ ಅಂತ ಬರೆದಿತ್ತು.

“ಆಂಟಿ, ನಿಮ್ಮನೇಲಿ ಚಿಮಣಿ ಇದ್ಯಾ?”

“ಇದೆಯಮ್ಮ, ಅಡುಗೆಮನೇಲಿ.”

“ಅದ್ರಲ್ಲಿ ಫ್ಯಾನ್ ಇರುತ್ತಲ್ಲ ಆಂಟಿ? ಸಾಂತಾ ಚಟ್ನಿ ಆಗೋಗ್ತಾನೆ!”

ಹಾಲಿನ ಚಾವಣಿ ಹಾರಿಹೋಗುವ ಹಾಗೆ ಮಕ್ಕಳು ನಕ್ಕರು. ಪದ್ಮಶ್ರೀಯೂ ನಗಬೇಕಾಯಿತು. ನಗುವಾಗ ಎರಡನೆಯ ಹುಕ್ಕೂ ಬಿಟ್ಟುಕೊಂಡಿತು. ಸೆರಗನ್ನು ಎಳೆದುಕೊಂಡು, ನಡುವಿನ ಎರಡು ಪುಟ ಬಿಟ್ಟು, ಬಾಗಿಲು ತೆರೆಯುವುದನ್ನು ಬೇಗ ಬೇಗ ಓದಿ ಕೂತಳು. ಯಾರೋ ದೊಡ್ಡವರು ಹೇಳಿಕೊಟ್ಟ ಮೇಲೆ ಚಪ್ಪಾಳೆ ಬಂತು.

ದಿಲ್ಶಾದ್ ಓದಲಿಲ್ಲ, ಮಾತಾಡಿದಳು. ಪುಸ್ತಕ ಕೈಯಲ್ಲಿತ್ತು, ಆದರೆ ಕಣ್ಣು ಮಕ್ಕಳ ಮೇಲೆ. ಗುಂಡಿ ಕಳೆದುಹೋದಾಗ ಮಕ್ಕಳು ಜಮಖಾನದ ಮೇಲೆ ಹುಡುಕಿದರು, ನಿಜವಾಗಿಯೂ ಬಗ್ಗಿ ಹುಡುಕಿದರು. ಪದ್ಮಶ್ರೀ ಆ ಬಗ್ಗಿದ ಬೆನ್ನುಗಳನ್ನು ನೋಡಿದಳು. ಇಪ್ಪತ್ಮೂರು ವರ್ಷದಲ್ಲಿ ತನ್ನ ಒಂದು ವಾಕ್ಯಕ್ಕಾಗಿ ಯಾವ ಮಗುವೂ ನೆಲ ತಡವಿರಲಿಲ್ಲ. ಇವಳ ದನಿ ಒಡೆಯಲಿ, ಕರೆಂಟು ಹೋಗಲಿ, ಯಾವುದಾದರೂ ಮಗು ಅಳಲಿ ಅಂತ ಮನಸ್ಸು ಚಿಕ್ಕ ಚಿಕ್ಕ ಹರಕೆ ಕಟ್ಟಿಕೊಂಡಿತು. ಯಾವುದೂ ಆಗಲಿಲ್ಲ. ಕಮಲಿಯ ಅಮ್ಮ ತಟ್ಟೆಯನ್ನು ಬಾನಿಗೆ ಸುರಿದಳು. ಹಸು ಕಟ ಕಟ ಅಗಿಯಿತು, ದಿಲ್ಶಾದ್ ಬಾಯಲ್ಲಿ ಆ ಸದ್ದು ಮಾಡಿದಳು, ಅದೇ ಸದ್ದು. ಕಮಲಿ ಸಕ್ಕರೆ ಹಾಕಿದ ತಟ್ಟೆ ಹಿಡಿದು ಪಕ್ಕದ ಮನೆಗೆ ನಡೆದಳು. “ಆಂಟಿ,” ಅಂದಳು ದಿಲ್ಶಾದ್, ಎಂಟು ವರ್ಷದ ಹುಡುಗಿಯ ದನಿಯಲ್ಲಿ, “ಖಾರ ತುಂಬಾ ಚೆನ್ನಾಗಿತ್ತು ಆಂಟಿ.”

ಇಡೀ ಹಾಲು ಬಿದ್ದು ಬಿದ್ದು ನಕ್ಕಿತು.

ಪದ್ಮಶ್ರೀಗೆ ಮುಖವೆಲ್ಲ ಬಿಸಿಯಾಯಿತು. ಯಾಕೆ ನಗುತ್ತಿದ್ದಾರೆ? ಮನೆಯಲ್ಲಿ ಓದುವಾಗ ಆ ಸಾಲನ್ನು ತನ್ನ ಬಾಯಿಂದ ಕದ್ದದ್ದು ಅಂತ ಪೆನ್ಸಿಲಿನಲ್ಲಿ ಗೀಟು ಹಾಕಿದ್ದಳೇ ಹೊರತು ಅದರಲ್ಲಿ ನಗುವಂಥದ್ದೇನೂ ಕಂಡಿರಲಿಲ್ಲ. ಎದುರಿಗೇ ಕೂತಿದ್ದ ಇಂದುವಿನ ಕಡೆ ಬಾಗಿ, ನಗುವಿನಲ್ಲಿ ತಾನೂ ಸೇರಿದವಳಂತೆ, “ಏನು ಪುಟ್ಟಿ?” ಅಂದಳು.

“ಅಯ್ಯೋ ಆಂಟಿ, ಕಲ್‌ಕಲ್ ಸ್ವೀಟು! ಖಾರ ಎಲ್ಲಿರುತ್ತೆ? ಅವ್ಳು ತಿಂದೇ ಇಲ್ಲ ಅಂತ ಆ ಆಂಟಿಗೆ ಗೊತ್ತಾಗೋಯ್ತು!”

ಗೊತ್ತಾಗಿಹೋಯಿತು. ಹಾಲಿನ ಗದ್ದಲ ದೂರ ಹೋಯಿತು. ಆರೋಗ್ಯಮ್ಮ ಬಾಗಿಲಲ್ಲಿ ನಿಂತಿದ್ದಳು, ತೊಳೆದ ತಟ್ಟೆ ಕೈಯಲ್ಲಿ, ಸಕ್ಕರೆ ಬಿಸಿಲಿಗೆ ಮಿಣುಕುತ್ತಿತ್ತು. ಖಾರ ಜಾಸ್ತಿ ಆಗ್ಲಿಲ್ವಾ ಪದ್ಮಿ? ಗೊತ್ತಿದ್ದೇ ಕೇಳಿದ್ದಳು. ಗೊತ್ತಿದ್ದೇ ಮುಂದಿನ ವರ್ಷವೂ ತಂದಿದ್ದಳು, ಅದರ ಮುಂದಿನ ವರ್ಷವೂ. ಹೊಸ ಬಾಚಣಿಗೆ ಕೊಂಡು, ಒಂದೊಂದೇ ಸುರುಳಿ ಸುತ್ತಿ, ಹಸುವಿಗೆ. ಪದ್ಮಶ್ರೀ ಪ್ರತಿ ವರ್ಷವೂ, ಹದಿಮೂರು ವರ್ಷದವಳಾಗುವ ತನಕ, ಮುಖ ನೋಡಿಕೊಂಡು ಖಾರವನ್ನು ಹೊಗಳಿದ್ದಳು.

ಕಥೆಯಲ್ಲಿ ಮರುವರ್ಷ ಆಂಟಿ ತಟ್ಟೆಯ ಮೇಲಿನಿಂದ ಒಂದೇ ಒಂದು ಕಲ್‌ಕಲ್ ತೆಗೆದು, ಬಾಗಿಲಲ್ಲೇ ನಿಲ್ಲಿಸಿ, “ಬಾಯಿ ತೆಗಿ ಕಮಲಿ” ಅಂದಳು. ಕಮಲಿ ತಿಂದಳು. ಏನು ಹೇಳಿದಳು ಅಂತ ದಿಲ್ಶಾದ್ ಮಕ್ಕಳನ್ನೇ ಕೇಳಿದಳು. ನಲವತ್ತು ಬಾಯಿ ಒಟ್ಟಿಗೆ ಕೂಗಿತು: “ಸಿಹಿಯಾಗಿದೆ ಆಂಟಿ!” ಅಲ್ಲಿಗೆ ಪುಸ್ತಕ ಮುಗಿಯಿತು.

ಚಹಾದ ಹೊತ್ತಿನಲ್ಲಿ ಪದ್ಮಶ್ರೀ ಅವಳನ್ನು ಕಿಟಕಿಯ ಹತ್ತಿರ ಹಿಡಿದಳು. ದನಿ ತಗ್ಗಿಸಿಯೇ ಕೇಳಿದಳು, ಆದರೂ ಅದು ಒಡಕಾಗಿ ಬಂತು. “ಬಾನಿ ವಿಷ್ಯ ನಾನು ನಿಂಗೆ ಹೇಳಿರ್ಲಿಲ್ಲ.”

“ಹೇಳಿರ್ಲಿಲ್ಲ ಮೇಡಂ.” ದಿಲ್ಶಾದ್ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. “ನೀವು ಖಾರ ಅಂದ್ರಲ್ಲ ಅವತ್ತು, ನನ್ ಬಾಯಲ್ಲಿ ಗುಂಡುಸೂಜಿ ಇತ್ತು, ಅದಕ್ಕೇ ಏನೂ ಅನ್ಲಿಲ್ಲ. ಬಾನಿ ನಾನೇ ಕಟ್ಟಿದ್ದು. ನಿಜವಾಗ್ಲೂ ಇತ್ತಾ?”

ಪದ್ಮಶ್ರೀ ಸೆರಗನ್ನು ಇನ್ನಷ್ಟು ಎಳೆದುಕೊಂಡಳು.

“ನಮ್ಮಮ್ಮಿ ರಂಜಾನ್‌ಗೆ ಪಕ್ಕದ ಮನೆಗೆ ಶೀರ್ ಖುರ್ಮಾ ಕಳಿಸೋರು ಮೇಡಂ. ಡಬ್ಬ ವಾಪಸ್ ಬರೋದು, ಫಳಫಳ ತೊಳೆದು, ಸಕ್ಕರೆ ಹಾಕಿ. ತರ್ತಿದ್ದ ಹುಡ್ಗಿ ನನ್ನ ಕ್ಲಾಸ್‌ಮೇಟೇ. ಅವತ್ತೊಂದಿನ ನನ್ ಮುಖಾನೇ ನೋಡ್ತಿರ್ಲಿಲ್ಲ. ನಂಗೆ ಅವ್ಳ ಮೇಲೆ ಸಿಟ್ಟು ಮಾಡ್ಕೋಬೇಕು ಅಂತ ಎಷ್ಟೋ ವರ್ಷ ಟ್ರೈ ಮಾಡ್ದೆ, ಆಗ್ಲಿಲ್ಲ. ಪಾಪ, ಅವ್ಳಿಗೂ ತಿನ್ಬೇಕು ಅನ್ಸಿರುತ್ತಲ್ಲ? ನೀವು ಆವತ್ತು ಹೇಳ್ದಾಗ ಆ ಹುಡ್ಗಿ ಸಿಕ್ಕಂಗಾಯ್ತು ಮೇಡಂ. ಮೊದ್ಲೇ ತೋರಿಸ್ಬೇಕಿತ್ತು ನಿಮಗೆ. ಧೈರ್ಯ ಆಗ್ಲಿಲ್ಲ.”

ಬೈದಿದ್ದರೆ ಚೆನ್ನಾಗಿತ್ತು. ಸುಳ್ಳು ಹೇಳಿದಿರಿ ಅಂದಿದ್ದರೆ ಜಗಳವಾಡಬಹುದಿತ್ತು. ಇವಳು ಪಾಪ ಅನ್ನುತ್ತಾಳೆ. ನಲವತ್ತನಾಲ್ಕು ವರ್ಷ ತಾನು ಹೊಟ್ಟೆಯೊಳಗೆ ಇಟ್ಟುಕೊಂಡಿದ್ದ ಪಾಪವನ್ನು ಇವಳು ಒಂದು ಖಾರದ ಮಾತಿನಿಂದ ಪತ್ತೆ ಮಾಡಿ, ಬಿಚ್ಚಿ, ಅಳತೆಗೆ ಸರಿಯಾಗಿ ಕತ್ತರಿಸಿ, ಹೊಲಿದು, ಇಸ್ತ್ರಿ ಮಾಡಿ ಮಕ್ಕಳ ಕೈಗೆ ಕೊಟ್ಟಿದ್ದಾಳೆ. ಕ್ಷಮಿಸುವ ಕೆಲಸವನ್ನೂ ಮಾಡಿ ಮುಗಿಸಿದ್ದಾಳೆ. ಪದ್ಮಶ್ರೀಗೆ ಉಳಿಸಿದ್ದೇನು? ಬರೆಯಬಹುದಾಗಿದ್ದ ಒಂದೇ ಒಂದು ಕ್ರಿಸ್‌ಮಸ್ ಕಥೆ ತನ್ನ ಹತ್ತಿರ ಇತ್ತು. ಅದರ ಮೇಲೆ ತಾನೇ ಹಿಮ ಮುಚ್ಚಿದ್ದಳು.

“ಇದು ನಮ್ ಕಸ್ಟಮರ್ ಒಬ್ರು ಕೊಟ್ಟಿದ್ದು.” ದಿಲ್ಶಾದ್ ಚೀಲದಿಂದ ಸಣ್ಣ ಸ್ಟೀಲ್ ಡಬ್ಬ ತೆಗೆದು ಕೈಗಿತ್ತಳು. “ತಗೊಳ್ಳಿ ಮೇಡಂ. ರವಿಕೆ ಬಿಗಿ ಆಗಿದೆ ಅಲ್ವಾ? ಕೊಡಿ, ಬಿಚ್ಚಿ ಸರಿ ಮಾಡ್ತೀನಿ. ಡಬ್ಬಾನೂ ಆವಾಗ್ಲೇ ತನ್ನಿ.” ಆಮೇಲೆ, ಸ್ವಲ್ಪ ನಿಧಾನವಾಗಿ, ಕಣ್ಣು ಕೆಳಗೆ ಹಾಕಿ, “ಖಾಲೀನೇ ತನ್ನಿ ಮೇಡಂ. ಸಕ್ಕರೆ ಬೇಡ” ಅಂದಳು.

ಹೆಬ್ಬಾಳದ ಸ್ಟಾಪಿನಲ್ಲಿ ನಿಂತಾಗ ನಾಲ್ಕೂವರೆ. ಯಲಹಂಕದ ಎರಡು ಬಸ್ಸು ಬಂದು ಹೋದವು, ಅವಳು ಹತ್ತಲಿಲ್ಲ. ಐದು ಗಂಟೆಯವರೆಗೆ ಸುಮ್ಮನಿದ್ದರೆ ಸಾಕು, ಇನ್ನೇನೂ ಮಾಡಬೇಕಾಗಿಲ್ಲ. ಯಾರಿಗೂ ಗೊತ್ತಾಗುವುದಿಲ್ಲ. ಹಾಗಂದುಕೊಂಡ ಕೂಡಲೇ ಆರೋಗ್ಯಮ್ಮನ ಆ ಒಂದು ಗಳಿಗೆ ಬಂದು ಎದುರಿಗೆ ನಿಂತಿತು. ಡಬ್ಬದ ಮುಚ್ಚಳ ಬಿಗಿಯಾಗಿತ್ತು, ಉಗುರು ಹಾಕಿ ತೆರೆದಳು. ಬಾಚಣಿಗೆಯ ಗೆರೆಗಳು ಹಾಗೇ ಇದ್ದವು. ಅಕ್ಕಪಕ್ಕ ನೋಡಿದಳು, ಐವತ್ತೆರಡರ ಹೆಂಗಸು, ಕಳ್ಳಿಯ ಹಾಗೆ. ಒಂದನ್ನು ಬಾಯಿಗೆ ಹಾಕಿಕೊಂಡಳು. ಗಟ್ಟಿಯಾಗಿತ್ತು. ಕಟ್ ಅಂದಿತು. ಆ ಸದ್ದು ಹಿತ್ತಿಲಿನದು, ಈ ಸಲ ತನ್ನ ದವಡೆಯೊಳಗಿನಿಂದ ಬಂತು.

ಫೋನು ಹಚ್ಚಿದಳು.

“ಹೇಳಿ ಮೇಡಂ,” ಅಂದ ಬಾಲರಾಜು. ಹಿನ್ನೆಲೆಯಲ್ಲಿ ಕುರ್ಚಿಗಳನ್ನು ಎಳೆಯುವ ಸದ್ದು.

“ಬೆಳಿಗ್ಗೆ ಬರೆದದ್ದನ್ನ ತೆಗೆದುಹಾಕಿ ಬಾಲರಾಜು. ಅವಳಿಗೇ ಕೊಡಿ.”

“ಅರೆ! ಕಹಿ ಅಂದಿದ್ರಲ್ಲ ಮೇಡಂ? ಯಾಕೆ ಬದಲಾಯ್ತು ಅಂತ ಒಂದು ಸಾಲು ಹೇಳಿ, ಬರ್ಕೋಬೇಕು.”

ಬಾಯಿ ತುಂಬ ಇತ್ತು. ಯೋಚಿಸಿ ಹೇಳಲು ಪುರಸೊತ್ತಿರಲಿಲ್ಲ. “ಸಿಹಿಯಾಗಿದೆ” ಅಂದಳು.

ಅಂದ ಮೇಲೆ ಕೇಳಿಸಿಕೊಂಡಳು. ಆ ಕಡೆ ಬಾಲರಾಜು ಅಕ್ಷರ ಬಿಡಿಸಿಕೊಂಡು ಬರೆದುಕೊಳ್ಳುತ್ತಿದ್ದ. ಅಷ್ಟು ವರ್ಷ ತಡವಾಗಿಯಾದರೂ ಬಂದ ಒಂದು ನಿಜದ ಮಾತು, ಅದೂ ದಿಲ್ಶಾದಳ ಪುಸ್ತಕದ ಕೊನೆಯ ಸಾಲು. ಪದ್ಮಶ್ರೀ ಡಬ್ಬದೊಳಗೆ ಕೈ ಹಾಕಿ ಇನ್ನೊಂದನ್ನು ತೆಗೆದುಕೊಂಡಳು, ಅವಳ ಮೇಲಿನ ಸಿಟ್ಟಿಗೆ ಅದನ್ನು ಜೋರಾಗಿ ಕಡಿದಳು.